ಶಿಕ್ಷಕರ ವೃತ್ತಿತೃಪ್ತಿ ಮತ್ತು ಶಾಲಾ ಕಾರ್ಯಪರಿಸರ

ಶಿಕ್ಷಕರು ತಮ್ಮ ಕೆಲಸದ ಬಗ್ಗೆ, ಅದರಿಂದ ದೊರೆಯುವ ಫಲದ ಬಗ್ಗೆ ಮತ್ತು ಸಮಾಜದಲ್ಲಿ ಅದಕ್ಕಿರುವ ಸ್ಥಾನದ ಬಗ್ಗೆ ತಳೆದಿರುವ ಒಟ್ಟು ಮನೋಭಾವಕ್ಕೆ ವೃತ್ತಿತೃಪ್ತಿ ಎಂದು ಹೆಸರು. ಒಂದು ಶಾಲೆಯಲ್ಲಿ ದಿನನಿತ್ಯ ಕೆಲಸ ಮಾಡುವವರ ಅನುಭವಕ್ಕೆ ಬರುವ ಪರಸ್ಪರ ಸಂಬಂಧ, ಆಡಳಿತದ ರೀತಿ, ಕಟ್ಟಡ ಹಾಗೂ ಸೌಕರ್ಯಗಳು, ಬರೆದಿಟ್ಟ ಮತ್ತು ಬರೆಯದ ಕಟ್ಟಳೆಗಳು ಇವೆಲ್ಲ ಸೇರಿದ ಸ್ವರೂಪವೇ ಶಾಲಾ ಕಾರ್ಯಪರಿಸರ. ಮೊದಲನೆಯದು ವ್ಯಕ್ತಿಯ ಮನಸ್ಸಿಗೆ ಸೇರಿದ್ದು, ಎರಡನೆಯದು ಸಂಸ್ಥೆಗೆ ಸೇರಿದ್ದು. ಆದರೂ ಒಂದನ್ನು ಬಿಟ್ಟು ಇನ್ನೊಂದನ್ನು ವಿವರಿಸುವುದು ಕಷ್ಟ. ಒಂದೇ ವೇತನಶ್ರೇಣಿಯ, ಒಂದೇ ತರಬೇತಿ ಪಡೆದ ಇಬ್ಬರು ಶಿಕ್ಷಕರಲ್ಲಿ ಒಬ್ಬರು ಉತ್ಸಾಹದಿಂದಲೂ ಮತ್ತೊಬ್ಬರು ವರ್ಗಾವಣೆಯ ದಿನವನ್ನೇ ಎದುರು ನೋಡುತ್ತಲೂ ಕೆಲಸ ಮಾಡುವುದಕ್ಕೆ ಕಾರಣವನ್ನು ಬಹುತೇಕ ಸಂದರ್ಭಗಳಲ್ಲಿ ಅವರವರ ಶಾಲೆಯ ಪರಿಸರದಲ್ಲಿಯೇ ಹುಡುಕಬೇಕಾಗುತ್ತದೆ. ಕರ್ನಾಟಕದಲ್ಲಿ, ಅದರಲ್ಲೂ ಚಿಕ್ಕಬಳ್ಳಾಪುರದಂಥ ಗಡಿಜಿಲ್ಲೆಯ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಈ ಪ್ರಶ್ನೆ ವೇತನಕ್ಕಿಂತ ಹೆಚ್ಚಾಗಿ ಕಾಲ, ಹುದ್ದೆ, ಮುಖ್ಯಶಿಕ್ಷಕರ ಸ್ಥಾನ ಮತ್ತು ಬೋಧನೆಯ ಸ್ವಾತಂತ್ರ್ಯ ಎಂಬ ನಾಲ್ಕು ವಿಷಯಗಳ ಸುತ್ತ ಬೆಳೆದುಬಂದಿದೆ.

ಪರಿಕಲ್ಪನೆಯ ಬೆಳವಣಿಗೆ

ವೃತ್ತಿತೃಪ್ತಿಯ ಕ್ರಮಬದ್ಧ ಅಧ್ಯಯನಕ್ಕೆ ಅಮೆರಿಕದ ರಾಬರ್ಟ್ ಹೊಪಾಕ್ 1935ರಲ್ಲಿ ಪ್ರಕಟಿಸಿದ ಗ್ರಂಥವನ್ನು ಆರಂಭವೆಂದು ಪರಿಗಣಿಸುವುದು ವಾಡಿಕೆ; ಅವರು ಅಭ್ಯಸಿಸಿದ ಗುಂಪುಗಳಲ್ಲಿ ಶಾಲಾ ಶಿಕ್ಷಕರೂ ಇದ್ದರು. 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಹವರ್ತಿಗಳು ಪಿಟ್ಸ್‌ಬರ್ಗ್ ಪ್ರದೇಶದ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ, ಅತೃಪ್ತಿಯನ್ನು ಉಂಟುಮಾಡುವ ಅಂಶಗಳು ಬೇರೆ, ತೃಪ್ತಿಯನ್ನು ಕೊಡುವ ಅಂಶಗಳು ಬೇರೆ ಎಂಬ ದ್ವಿಅಂಶ ಸಿದ್ಧಾಂತವನ್ನು ಮಂಡಿಸಿದರು. ಈ ಸಿದ್ಧಾಂತದಂತೆ ವೇತನ, ಮೇಲ್ವಿಚಾರಣೆ, ಕೆಲಸದ ಸ್ಥಳದ ಸ್ಥಿತಿ ಮೊದಲಾದ ಬಾಹ್ಯ ಅಂಶಗಳು ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ, ಆದರೆ ಅವು ಸರಿಹೋದ ಮಾತ್ರಕ್ಕೆ ತೃಪ್ತಿ ಮೂಡುವುದಿಲ್ಲ; ಸಾಧನೆ, ಮನ್ನಣೆ, ಹೊಣೆಗಾರಿಕೆ ಮತ್ತು ಕೆಲಸದ ಅಂತಃಸತ್ತ್ವಗಳೇ ತೃಪ್ತಿಯ ಮೂಲಗಳು. ಎರಡು ಬಗೆಯ ಅಂಶಗಳನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಲು ಬರುವುದಿಲ್ಲವೆಂಬ ಟೀಕೆ ಮುಂದೆ ಬಂದರೂ ಶಿಕ್ಷಕರ ಅಧ್ಯಯನಗಳಲ್ಲಿ ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಶಾಲೆಯ ಪರಿಸರವನ್ನು ಅಳೆಯುವ ಪ್ರಯತ್ನ 1960ರ ದಶಕದ ಆರಂಭದಲ್ಲಿ ಆ್ಯಂಡ್ರೂ ಹಾಲ್ಪಿನ್ ಮತ್ತು ಡಾನ್ ಕ್ರಾಫ್ಟ್ ರೂಪಿಸಿದ ಪ್ರಶ್ನಾವಳಿಯೊಂದಿಗೆ ಸ್ಥಿರವಾದ ರೂಪ ಪಡೆಯಿತು. ಅಮೆರಿಕದ 71 ಪ್ರಾಥಮಿಕ ಶಾಲೆಗಳಿಂದ ಮಾಹಿತಿ ಸಂಗ್ರಹಿಸಿದ ಅವರು ಪರಿಸರವನ್ನು ಮುಕ್ತ, ಸ್ವಾಯತ್ತ, ನಿಯಂತ್ರಿತ, ಆತ್ಮೀಯ, ಪಿತೃಪ್ರಧಾನ ಮತ್ತು ಮುಚ್ಚಿದ ಎಂಬ ಆರು ಬಗೆಗಳಾಗಿ ವಿಂಗಡಿಸಿದರು. ಶಿಕ್ಷಕರಲ್ಲಿ ಒಗ್ಗಟ್ಟು ಮತ್ತು ಹುರುಪು ಇದ್ದು, ಮುಖ್ಯಸ್ಥರು ತಾವೇ ದುಡಿದು ಮಾದರಿಯಾಗುವ ಶಾಲೆ ಮುಕ್ತ ಪರಿಸರದ್ದು. ಕಾಗದಪತ್ರಗಳ ಕಾಟ ಹೆಚ್ಚಾಗಿ, ಶಿಕ್ಷಕರು ಪರಸ್ಪರ ಸೇರದೆ, ಮುಖ್ಯಸ್ಥರು ದೂರ ಉಳಿಯುವ ಶಾಲೆ ಮುಚ್ಚಿದ ಪರಿಸರದ್ದು. ಭಾರತದ ಸನ್ನಿವೇಶಕ್ಕೆ ತಕ್ಕಂತೆ ಮೋತಿಲಾಲ್ ಶರ್ಮ ಈ ಪ್ರಶ್ನಾವಳಿಯನ್ನು ಮಾರ್ಪಡಿಸಿದರು. ಇದರಲ್ಲಿನ ‘ಅಡಚಣೆ’ ಎಂಬ ಅಳತೆಗೋಲು, ಅಂದರೆ ಬೋಧನೆಗೆ ಸಂಬಂಧಿಸದ ಕೆಲಸಗಳಿಂದ ಶಿಕ್ಷಕರ ಮೇಲೆ ಬೀಳುವ ಹೊರೆ, ಕರ್ನಾಟಕದ ಮಟ್ಟಿಗೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ಮೂಲ ಪ್ರಶ್ನಾವಳಿ ಈ ಹೊರೆಯನ್ನು ಮುಖ್ಯಸ್ಥರೇ ಹೇರುತ್ತಾರೆಂದು ಭಾವಿಸುತ್ತದೆ. ಇಲ್ಲಿಯಾದರೋ ಹೊರೆ ಇಲಾಖೆಯಿಂದ ಇಳಿದುಬರುತ್ತದೆ, ಅದರ ಮೊದಲ ಪೆಟ್ಟು ಬೀಳುವುದೂ ಮುಖ್ಯಶಿಕ್ಷಕರ ಮೇಲೆಯೇ.

1975ರಲ್ಲಿ ಸಮಾಜಶಾಸ್ತ್ರಜ್ಞ ಡಾನ್ ಲೋರ್ಟಿ, ಶಿಕ್ಷಕರಿಗೆ ಹಣಕ್ಕಿಂತ ಹೆಚ್ಚಾಗಿ ಮಕ್ಕಳು ಕಲಿತರೆಂಬ ಮಾನಸಿಕ ಪ್ರತಿಫಲವೇ ಮುಖ್ಯವೆಂದೂ, ಒಂದೊಂದು ಕೊಠಡಿಯಲ್ಲಿ ಒಬ್ಬೊಬ್ಬರೇ ಕೆಲಸ ಮಾಡುವ ಏಕಾಂಗಿತನ ಈ ವೃತ್ತಿಯ ದೊಡ್ಡ ದೌರ್ಬಲ್ಯವೆಂದೂ ತೋರಿಸಿದರು. ಕ್ರಿಸ್ಟಿನಾ ಮಾಸ್ಲಾಕ್ 1980ರ ದಶಕದ ಆರಂಭದಲ್ಲಿ ವಿವರಿಸಿದ ವೃತ್ತಿದಣಿವು ಎಂಬ ಸ್ಥಿತಿಗೆ ಮೂರು ಲಕ್ಷಣಗಳಿವೆ: ಭಾವನಾತ್ಮಕ ಬಳಲಿಕೆ, ಎದುರಿಗಿರುವವರನ್ನು ಮನುಷ್ಯರೆಂದು ಕಾಣದಷ್ಟು ನಿರ್ಲಿಪ್ತತೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಷಿಕಾಗೋ ನಗರದ ಶಾಲೆಗಳನ್ನು ಆಧರಿಸಿ ಆ್ಯಂಟನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಗೌರವ, ಸಾಮರ್ಥ್ಯ, ಪರಸ್ಪರ ಕಾಳಜಿ ಮತ್ತು ಪ್ರಾಮಾಣಿಕತೆಗಳ ಮೇಲೆ ನಿಂತ ನಂಬಿಕೆ ಇರುವ ಶಾಲೆಗಳಲ್ಲಿ ಸುಧಾರಣೆ ಬೇರೂರುವ ಸಾಧ್ಯತೆ ಹೆಚ್ಚೆಂದು ಕಂಡುಕೊಂಡಿತು.

ಐತಿಹಾಸಿಕ ಹಿನ್ನೆಲೆ

ಸರ್ಕಾರಿ ಶಾಲೆಗಳು ಹರಡುವ ಮುನ್ನ ಕನ್ನಡ ನಾಡಿನ ಹಳ್ಳಿಗಳಲ್ಲಿದ್ದ ಕೂಲಿಮಠಗಳ ಐಗಳು ಊರವರು ಕೊಡುವ ಧಾನ್ಯ ಮತ್ತು ಕಾಣಿಕೆಗಳನ್ನು ನಂಬಿ ಬದುಕುತ್ತಿದ್ದರು. ಅವರ ಮರ್ಯಾದೆಯೂ ಕೊರತೆಯೂ ಊರಿನ ಕೈಯಲ್ಲಿಯೇ ಇದ್ದವು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯವರಾದ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸಲು ಅವಕಾಶ ಕೊಡುವ ಕಾಯಿದೆ ಬಂದಿತು. ಶಾಲೆಗಳು ಹೆಚ್ಚಿದಂತೆ ಶಿಕ್ಷಕರು ಊರಿನ ಆಶ್ರಿತರ ಸ್ಥಿತಿಯಿಂದ ಸಂಬಳದ ನೌಕರರ ಸ್ಥಿತಿಗೆ ಬಂದರು. ಊರವರ ಬದಲು ಇನ್‌ಸ್ಪೆಕ್ಟರರ ತನಿಖಾ ವರದಿ ಅವರ ಭವಿಷ್ಯವನ್ನು ನಿರ್ಧರಿಸತೊಡಗಿತು.

ಸ್ವಾತಂತ್ರ್ಯಾನಂತರ 1964–66ರ ಕೊಠಾರಿ ಆಯೋಗವು ಶಿಕ್ಷಕರ ವೇತನ, ಸೇವಾ ಸೌಲಭ್ಯ ಮತ್ತು ಕೆಲಸದ ಸ್ಥಿತಿಗತಿಗಳನ್ನು ಶಿಕ್ಷಣದ ಗುಣಮಟ್ಟದೊಂದಿಗೆ ನೇರವಾಗಿ ಜೋಡಿಸಿತು. ಅದೇ ಕಾಲದಲ್ಲಿ, 1966ರ ಅಕ್ಟೋಬರ್ 5ರಂದು, ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ಆಶ್ರಯದಲ್ಲಿ ಶಿಕ್ಷಕರ ಸ್ಥಾನಮಾನ ಕುರಿತ ಶಿಫಾರಸು ಅಂಗೀಕಾರವಾಯಿತು. 1994ರಿಂದ ಆ ದಿನವನ್ನು ವಿಶ್ವ ಶಿಕ್ಷಕರ ದಿನವೆಂದು ಆಚರಿಸಲಾಗುತ್ತಿದೆ. 1983ರಲ್ಲಿ ಡಿ.ಪಿ. ಚಟ್ಟೋಪಾಧ್ಯಾಯ ಅವರ ಅಧ್ಯಕ್ಷತೆಯಲ್ಲಿ ಶಾಲಾ ಶಿಕ್ಷಕರಿಗಾಗಿಯೇ ರಾಷ್ಟ್ರೀಯ ಆಯೋಗವೊಂದು ನೇಮಕಗೊಂಡಿತು. ಬೋಧನೆಗೆ ಹೊರತಾದ ಕೆಲಸಗಳಿಂದ ಶಿಕ್ಷಕರನ್ನು ಬಿಡಿಸಬೇಕೆಂಬ ಸಲಹೆ ಅಲ್ಲಿಂದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯವರೆಗೆ ಮತ್ತೆ ಮತ್ತೆ ಕಾಣಿಸಿಕೊಂಡಿರುವುದೇ ಅದು ಜಾರಿಗೆ ಬಂದಿಲ್ಲವೆಂಬುದಕ್ಕೆ ಸಾಕ್ಷಿ.

ಚಿಕ್ಕಬಳ್ಳಾಪುರ ಸೀಮೆಯ ಸನ್ನಿವೇಶ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಎಂಬ ಆರು ತಾಲ್ಲೂಕುಗಳೊಂದಿಗೆ ಆರಂಭವಾಯಿತು. ಒಂದು ಕಡೆ ಆಂಧ್ರಪ್ರದೇಶದ ಗಡಿ, ಇನ್ನೊಂದು ಕಡೆ ಬೆಂಗಳೂರಿನ ಸೆಳೆತ ಇರುವ ಈ ಜಿಲ್ಲೆಯಲ್ಲಿ ಶಿಕ್ಷಕರ ಕೆಲಸಕ್ಕೆ ತನ್ನದೇ ಆದ ಲಕ್ಷಣಗಳಿವೆ. ಗಡಿಭಾಗದ ಅನೇಕ ಹಳ್ಳಿಗಳಲ್ಲಿ ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾಧ್ಯಮ ಕನ್ನಡ. ಒಂದನೇ ತರಗತಿಯ ಶಿಕ್ಷಕರು ಅಕ್ಷರ ಕಲಿಸುವುದರ ಜೊತೆಗೆ ಭಾಷೆಯನ್ನೂ ಕಲಿಸಬೇಕಾಗುತ್ತದೆ. ತೆಲುಗು ಬಲ್ಲ ಶಿಕ್ಷಕರಿಗೆ ಇದು ಸಲೀಸು. ದೂರದ ಜಿಲ್ಲೆಯಿಂದ ಬಂದು ತೆಲುಗು ಅರಿಯದವರಿಗೆ ಮೊದಲ ವರ್ಷಗಳು ಕಠಿಣ. ರೇಷ್ಮೆ ಗೂಡಿನ ವ್ಯಾಪಾರಕ್ಕೆ ಹೆಸರಾದ ಶಿಡ್ಲಘಟ್ಟದಲ್ಲಾಗಲಿ, ಕೈಗಾರಿಕಾ ಪ್ರದೇಶವಿರುವ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಂಥ ಊರಿನಲ್ಲಾಗಲಿ, ಕೂಲಿ ಅರಸಿ ಬರುವ ಕುಟುಂಬಗಳ ಮಕ್ಕಳು ವರ್ಷದ ನಡುವೆ ಶಾಲೆಗೆ ಸೇರುವುದು ಮತ್ತು ಬಿಡುವುದು ನಡೆದಾಗ ದಾಖಲಾತಿಯ ಲೆಕ್ಕವೂ ಪಾಠದ ಸರಣಿಯೂ ಏರುಪೇರಾಗುತ್ತವೆ.

ರೈಲು ಮತ್ತು ಬಸ್ಸಿನ ಅನುಕೂಲ ಇರುವುದರಿಂದ ಬೆಂಗಳೂರು, ದೊಡ್ಡಬಳ್ಳಾಪುರ ಅಥವಾ ತಾಲ್ಲೂಕು ಕೇಂದ್ರಗಳಲ್ಲಿ ಮನೆಮಾಡಿ ಹಳ್ಳಿ ಶಾಲೆಗೆ ದಿನವೂ ಹೋಗಿಬರುವ ಶಿಕ್ಷಕರು ಇಲ್ಲಿ ಸಾಮಾನ್ಯ. ಮುಖ್ಯರಸ್ತೆಯಲ್ಲಿ ಇಳಿದ ಮೇಲೆ ಶಾಲೆಯವರೆಗಿನ ಕೊನೆಯ ಮೂರು ನಾಲ್ಕು ಕಿಲೋಮೀಟರು ಎಷ್ಟೋ ಸಲ ಇಡೀ ಪ್ರಯಾಣದ ಅತಿ ಕಷ್ಟದ ಭಾಗವಾಗಿರುತ್ತದೆ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಒದಗಿಸುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಶಿಕ್ಷಕಿಯರ ಪ್ರಯಾಣದ ಖರ್ಚನ್ನು ಇಳಿಸಿತಾದರೂ ಬಸ್ಸು ಬರುವ ಹೊತ್ತು ಮತ್ತು ಶಾಲೆಯ ಗಂಟೆ ಹೊಂದದಿರುವ ಸಮಸ್ಯೆ ಉಳಿದೇ ಇದೆ. ಶಿಕ್ಷಕರು ಊರಲ್ಲಿ ನೆಲೆಸುವುದಿಲ್ಲವೆಂಬ ಪೋಷಕರ ಆಕ್ಷೇಪ ಮತ್ತು ಊರಲ್ಲಿ ಬಾಡಿಗೆಗೆ ತಕ್ಕ ಮನೆ ಇಲ್ಲವೆಂಬ ಶಿಕ್ಷಕರ ಉತ್ತರ, ಇವೆರಡರಲ್ಲೂ ಸತ್ಯವಿದೆ.

ಕಾಲ ಮತ್ತು ಕೆಲಸದ ಹೊರೆ

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಪಾಠದ ಸಿದ್ಧತೆಯೂ ಸೇರಿ ಶಿಕ್ಷಕರು ವಾರಕ್ಕೆ ಕನಿಷ್ಠ 45 ಗಂಟೆ ಕೆಲಸ ಮಾಡಬೇಕು; ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳಿರಬೇಕು. ಅದೇ ಕಾಯಿದೆಯ 27ನೆಯ ಸೆಕ್ಷನ್ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಇವುಗಳನ್ನು ಬಿಟ್ಟು ಬೇರೆ ಯಾವ ಶೈಕ್ಷಣಿಕೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆಂದು ಹೇಳುತ್ತದೆ. ಚುನಾವಣಾ ಕೆಲಸವನ್ನೂ ಪಾಠದ ಹೊತ್ತಿಗೆ ಅಡ್ಡಿಯಾಗದಂತೆ ರಜಾದಿನ ಮತ್ತು ಬೋಧನೆಯಿಲ್ಲದ ವೇಳೆಗೆ ಸೀಮಿತಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿಯೇ ಸೂಚಿಸಿತ್ತು. ಆಚರಣೆಯಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿಯ ಹೊಣೆ ವರ್ಷವಿಡೀ ಇರುತ್ತದೆ. ರಾಜ್ಯದಲ್ಲಿ 2015ರಲ್ಲಿಯೂ 2025ರಲ್ಲಿಯೂ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಳ ಗಣತಿದಾರರಲ್ಲಿ ಬಹುಪಾಲು ಶಿಕ್ಷಕರೇ ಇದ್ದರು; 2025ರಲ್ಲಿ ಸಮೀಕ್ಷೆ ಮುಗಿಸುವುದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಇಂಥ ರಾಜ್ಯಮಟ್ಟದ ಸಮೀಕ್ಷೆ ದಶವಾರ್ಷಿಕ ಜನಗಣತಿಯ ವ್ಯಾಖ್ಯೆಯೊಳಗೆ ಬರುವುದೇ ಎಂಬ ಪ್ರಶ್ನೆ ಶಿಕ್ಷಕರಿಗೆ ಕಾನೂನಿನ ಜಿಜ್ಞಾಸೆ ಮಾತ್ರವಲ್ಲ, ಬಿಟ್ಟುಹೋದ ಪಾಠಗಳನ್ನು ಯಾವಾಗ ಮುಗಿಸಬೇಕೆಂಬ ಚಿಂತೆಯೂ ಹೌದು.

ನಿತ್ಯದ ಹೊರೆ ಇದಕ್ಕಿಂತ ಸದ್ದಿಲ್ಲದ್ದು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೆ ವಿಸ್ತರಿಸಿದ ಅಕ್ಷರ ದಾಸೋಹವೆಂಬ ಬಿಸಿಯೂಟ, ಹಾಲು ಕೊಡುವ 2013ರ ಕ್ಷೀರಭಾಗ್ಯ, ಅನಂತರದ ಮೊಟ್ಟೆ ವಿತರಣೆ ಇವು ಮಕ್ಕಳ ಹಾಜರಾತಿ ಮತ್ತು ಪೌಷ್ಟಿಕತೆಯ ದೃಷ್ಟಿಯಿಂದ ಅಗತ್ಯವಾದ ಯೋಜನೆಗಳು. ಆದರೆ ಉಂಡವರ ಸಂಖ್ಯೆ, ಅಕ್ಕಿ ಬೇಳೆಗಳ ದಾಸ್ತಾನು, ಗ್ಯಾಸ್ ಸಿಲಿಂಡರ್, ಹಾಲಿನ ಪುಡಿ, ಮೊಟ್ಟೆಯ ಖರೀದಿ ಇವುಗಳ ಲೆಕ್ಕವೆಲ್ಲ ಮುಖ್ಯಶಿಕ್ಷಕರ ತಲೆಯ ಮೇಲಿದೆ; ಮೊಟ್ಟೆಯ ಮಾರುಕಟ್ಟೆ ಬೆಲೆ ಸರ್ಕಾರ ನಿಗದಿಪಡಿಸಿದ ದರವನ್ನು ಮೀರಿದಾಗ ವ್ಯತ್ಯಾಸವನ್ನು ಕೈಯಿಂದ ಹಾಕಬೇಕಾಗುತ್ತದೆಂಬ ದೂರು ಶಿಕ್ಷಕರ ಸಂಘಗಳಿಂದ ಕೇಳಿಬಂದಿದೆ. ಇದಕ್ಕೆ ವಿದ್ಯಾರ್ಥಿಗಳ ಮಾಹಿತಿಯ ಸ್ಯಾಟ್ಸ್ ತಂತ್ರಾಂಶ, ಕೇಂದ್ರದ ಯುಡೈಸ್ ದಾಖಲೆ, ವಿದ್ಯಾರ್ಥಿವೇತನದ ಅರ್ಜಿಗಳು, ಸಮವಸ್ತ್ರ ಮತ್ತು ಪಠ್ಯಪುಸ್ತಕಗಳ ವಿತರಣಾ ಪಟ್ಟಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂದೇ ಕಳುಹಿಸಬೇಕೆಂದು ಬರುವ ನಮೂನೆಗಳು ಸೇರಿಕೊಳ್ಳುತ್ತವೆ. ಪ್ರಾಥಮಿಕ ಶಾಲೆಗಳಲ್ಲಿ ಗುಮಾಸ್ತರ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ. ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ ಗುಜರಾತ್, ಮಹಾರಾಷ್ಟ್ರ, ಒಡಿಶಾ ಮತ್ತು ಉತ್ತರಾಖಂಡಗಳಲ್ಲಿ ನಡೆಸಿ 2018ರಲ್ಲಿ ಹೊರತಂದ ಅಧ್ಯಯನದಂತೆ ಶಿಕ್ಷಕರ ವಾರ್ಷಿಕ ಶಾಲಾ ಅವಧಿಯಲ್ಲಿ ನೇರ ಬೋಧನೆಗೆ ದೊರೆತದ್ದು ಸುಮಾರು ಐದನೆಯ ಒಂದು ಭಾಗ.

ಶಿಕ್ಷಕರ ಗೈರುಹಾಜರಿಯ ಚರ್ಚೆಯನ್ನೂ ಈ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ. 2003ರಲ್ಲಿ ದೇಶದಾದ್ಯಂತ ಮುನ್ಸೂಚನೆಯಿಲ್ಲದೆ ಶಾಲೆಗಳಿಗೆ ಭೇಟಿಕೊಟ್ಟು ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಶೇ. 25ರಷ್ಟು ಶಿಕ್ಷಕರು ಶಾಲೆಯಲ್ಲಿ ಇರಲಿಲ್ಲವೆಂದು ಕಂಡುಬಂದು, ಆ ಸಂಖ್ಯೆ ಶಿಕ್ಷಕರ ಸಾರ್ವಜನಿಕ ಮರ್ಯಾದೆಗೆ ದೊಡ್ಡ ಪೆಟ್ಟುಕೊಟ್ಟಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕರ್ನಾಟಕವೂ ಸೇರಿ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಶಾಲೆಯಲ್ಲಿ ಇಲ್ಲದವರಲ್ಲಿ ಹೆಚ್ಚಿನವರು ಅಧಿಕೃತ ಕೆಲಸ ಅಥವಾ ಮಂಜೂರಾದ ರಜೆಯ ಮೇಲಿದ್ದರೆಂದೂ, ಕಾರಣವಿಲ್ಲದೆ ಗೈರಾದವರು ಶೇ. 2.5ರಷ್ಟು ಮಾತ್ರವೆಂದೂ ತೋರಿಸಿತು. ಹೊರಗೆ ಕಳುಹಿಸುವ ವ್ಯವಸ್ಥೆಯೇ ಹೊರಗಿದ್ದಾರೆಂದು ದೂರುವುದು ವೃತ್ತಿಯ ಆತ್ಮಗೌರವವನ್ನು ಕುಂದಿಸುವ ಒಂದು ಮುಖ್ಯ ಕಾರಣ.

ಹುದ್ದೆ, ವರ್ಗಾವಣೆ ಮತ್ತು ಬಡ್ತಿ

ಶಿಕ್ಷಣ ಹಕ್ಕು ಕಾಯಿದೆ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಬೇಕೆನ್ನುತ್ತದೆ. ಆದರೂ 2024–25ರ ಕೇಂದ್ರ ಶಿಕ್ಷಣ ಸಚಿವಾಲಯದ ಅಂಕಿಅಂಶಗಳಂತೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿವೆ. ಇಂಥ ಶಾಲೆಯ ಶಿಕ್ಷಕರು ರಜೆ ಹಾಕಬೇಕಾದರೆ ಸಿಆರ್‌ಪಿಯ, ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿಯ, ಮೂಲಕ ಪಕ್ಕದ ಶಾಲೆಯಿಂದ ಯಾರಾದರೂ ಬರುವ ಏರ್ಪಾಡಾಗಬೇಕು. ತರಬೇತಿಗೆ ಕರೆ ಬಂದರೂ ಕಾಯಿಲೆ ಬಿದ್ದರೂ ಶಾಲೆಯ ಬಾಗಿಲು ತೆರೆಯುವ ಚಿಂತೆ ಅವರನ್ನು ಬಿಡುವುದಿಲ್ಲ. ಸಹೋದ್ಯೋಗಿಯೇ ಇಲ್ಲದ ಕಡೆ ಸಹೋದ್ಯೋಗದ ವಾತಾವರಣವನ್ನು ಸುಧಾರಿಸುವ ಮಾತಿಗೆ ಅರ್ಥವಿರುವುದಿಲ್ಲ.

ವರ್ಗಾವಣೆಯು ಕರ್ನಾಟಕದ ಶಿಕ್ಷಕರ ಸೇವಾಜೀವನದ ಅತಿ ಸೂಕ್ಷ್ಮ ವಿಷಯ. ಶಿಫಾರಸು ಮತ್ತು ಪ್ರಭಾವಗಳ ಮೇಲೆ ನಡೆಯುತ್ತಿದ್ದ ವರ್ಗಾವಣೆಗಳನ್ನು ನಿಯಮದ ಚೌಕಟ್ಟಿಗೆ ತರಲು ರಾಜ್ಯವು 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆಯನ್ನು ಮಾಡಿತು. ಶಾಲೆಗಳಿರುವ ಪ್ರದೇಶವನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸುವುದು, ಖಾಲಿ ಹುದ್ದೆಗಳನ್ನು ಪ್ರಕಟಿಸುವುದು, ಕೌನ್ಸೆಲಿಂಗ್‌ನಲ್ಲಿ ಆದ್ಯತಾ ಕ್ರಮದಂತೆ ಶಿಕ್ಷಕರೇ ಸ್ಥಳ ಆಯ್ದುಕೊಳ್ಳುವುದು ಇದರ ಮುಖ್ಯಾಂಶಗಳು. ತೀವ್ರ ಕಾಯಿಲೆ, ಅಂಗವೈಕಲ್ಯ, ವೈಧವ್ಯ ಮತ್ತು ಪತಿ–ಪತ್ನಿ ಪ್ರಕರಣಗಳಿಗೆ ಆದ್ಯತೆಯಿದೆ. ನಗರದಲ್ಲಿ ಬಹುಕಾಲ ಇದ್ದವರನ್ನು ಹೊರಗೆ ಕಳುಹಿಸುವ ಕಡ್ಡಾಯ ವರ್ಗಾವಣೆ 2019ರಲ್ಲಿ ತೀವ್ರ ವಿರೋಧ ಎದುರಿಸಿದ ಮೇಲೆ 2020ರಲ್ಲಿ ಹೊಸ ಕಾಯಿದೆ ಬಂದಿತು. ನಿಯಮಗಳು ಎಷ್ಟೇ ಪಾರದರ್ಶಕವಾಗಿದ್ದರೂ ಅಧಿಸೂಚನೆ ವರ್ಷವರ್ಷವೂ ಒಂದೇ ಕಾಲಕ್ಕೆ ಬರದಿದ್ದರೆ ಮತ್ತು ಪ್ರಕ್ರಿಯೆ ಶೈಕ್ಷಣಿಕ ವರ್ಷದ ನಡುವೆ ಎಳೆದಾಡಿದರೆ ಅವುಗಳ ಪ್ರಯೋಜನ ಅರ್ಧಕ್ಕಿಳಿಯುತ್ತದೆ. ಪ್ರಾಥಮಿಕ ಶಿಕ್ಷಕರ ಜ್ಯೇಷ್ಠತೆ ಜಿಲ್ಲೆಯನ್ನು ಆಧರಿಸಿರುವುದರಿಂದ ಬೇರೆ ಜಿಲ್ಲೆಗೆ ಹೋಗಬಯಸುವವರು ಸೇವಾ ಹಿರಿತನವನ್ನು ಕಳೆದುಕೊಳ್ಳಬೇಕಾಗುತ್ತದೆ. ಮಕ್ಕಳ ಸಂಖ್ಯೆ ಇಳಿದಾಗ ಹೆಚ್ಚುವರಿ ಎಂದು ಗುರುತಿಸಲ್ಪಟ್ಟು ಬೇರೆಡೆಗೆ ಹೋಗಬೇಕಾಗುವ ಭಯವೂ ಇದರ ಜೊತೆಗಿದೆ.

ಬಡ್ತಿಯ ವಿಷಯದಲ್ಲಿ ಪ್ರಾಥಮಿಕ ಶಿಕ್ಷಕರ ಅಸಮಾಧಾನಕ್ಕೆ ದೀರ್ಘ ಇತಿಹಾಸವಿದೆ. 10, 15, 20, 25 ಮತ್ತು 30 ವರ್ಷಗಳ ಸೇವೆಗೆ ದೊರೆಯುವ ಕಾಲಬದ್ಧ ಸೌಲಭ್ಯಗಳು ವೇತನವನ್ನು ಏರಿಸುತ್ತವೆ, ಕೆಲಸದ ಸ್ವರೂಪವನ್ನು ಬದಲಿಸುವುದಿಲ್ಲ. ಆರರಿಂದ ಎಂಟನೇ ತರಗತಿಗೆಂದು ಪದವೀಧರ ಪ್ರಾಥಮಿಕ ಶಿಕ್ಷಕರ ಪ್ರತ್ಯೇಕ ವೃಂದ ರಚನೆಯಾದಾಗ, ಆ ತರಗತಿಗಳಿಗೆ ಹತ್ತಾರು ವರ್ಷ ಪಾಠ ಮಾಡಿದ ಪದವೀಧರ ಶಿಕ್ಷಕರು ಒಂದರಿಂದ ಐದನೇ ತರಗತಿಯ ವೃಂದದಲ್ಲಿ ಉಳಿದದ್ದನ್ನು ಹಿಂಬಡ್ತಿಯೆಂದೇ ಭಾವಿಸಿದರು. ವೃಂದ ಮತ್ತು ನೇಮಕಾತಿ ನಿಯಮಗಳ ತಿದ್ದುಪಡಿಗಾಗಿ 2024ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಅನ್ವಯಿಸುವ ಹೊಸ ಪಿಂಚಣಿ ಯೋಜನೆ ಒಂದೇ ಸಿಬ್ಬಂದಿ ಕೊಠಡಿಯಲ್ಲಿ ಎರಡು ಬಗೆಯ ಭವಿಷ್ಯಗಳನ್ನು ತಂದಿಟ್ಟಿದೆ. ಸೇವೆಯಲ್ಲಿರುವ ಶಿಕ್ಷಕರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 1ರಂದು ನೀಡಿದ ತೀರ್ಪು ಮಧ್ಯವಯಸ್ಸಿನ ಶಿಕ್ಷಕರಿಗೆ ಹೊಸ ಆತಂಕವಾಗಿ ಬಂದಿದೆ.

ಪ್ರಾತಿನಿಧ್ಯದಲ್ಲಿಯೂ ಅಸಮತೆಯಿದೆ. 75 ಸದಸ್ಯರ ವಿಧಾನ ಪರಿಷತ್ತಿನಲ್ಲಿ 7 ಸ್ಥಾನಗಳು ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ಚಿಕ್ಕಬಳ್ಳಾಪುರ ಜಿಲ್ಲೆ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಸಂವಿಧಾನದ 171ನೆಯ ವಿಧಿ ಪ್ರೌಢಶಾಲೆಗಿಂತ ಕೆಳಗಿಲ್ಲದ ಸಂಸ್ಥೆಗಳ ಶಿಕ್ಷಕರಿಗೆ ಮಾತ್ರ ಈ ಮತಾಧಿಕಾರ ಕೊಟ್ಟಿರುವುದರಿಂದ, ಶಿಕ್ಷಕ ಸಮುದಾಯದ ಬಹುದೊಡ್ಡ ಭಾಗವಾದ ಪ್ರಾಥಮಿಕ ಶಿಕ್ಷಕರು ಈ ಚುನಾವಣೆಯಿಂದ ಹೊರಗುಳಿದಿದ್ದಾರೆ.

ಅತಿಥಿ ಮತ್ತು ಖಾಸಗಿ ಶಿಕ್ಷಕರು

ಖಾಲಿ ಹುದ್ದೆಗಳಿಗೆ ವರ್ಷದ ಮಟ್ಟಿಗೆ ನೇಮಕವಾಗುವ ಅತಿಥಿ ಶಿಕ್ಷಕರು ಕಾಯಂ ಶಿಕ್ಷಕರಷ್ಟೇ ಪಾಠ ಮಾಡುತ್ತಾರೆ. ಅವರ ಗೌರವಧನವನ್ನು 2025ರ ರಾಜ್ಯ ಬಜೆಟ್ಟಿನಲ್ಲಿ ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿದ ಮೇಲೂ ಅದು ಕಾಯಂ ಶಿಕ್ಷಕರ ಆರಂಭಿಕ ವೇತನದ ಸಣ್ಣ ಪಾಲಷ್ಟೇ. ಬೇಸಿಗೆ ರಜೆಯಲ್ಲಿ ಸಂಭಾವನೆ ಇಲ್ಲದಿರುವುದು, ಕಾಯಂ ಶಿಕ್ಷಕರು ಬಂದ ದಿನ ಕೆಲಸ ಹೋಗುವುದು, ಗೌರವಧನ ತಿಂಗಳುಗಟ್ಟಲೆ ತಡವಾಗುವುದು ಅವರ ಮುಖ್ಯ ಕೊರಗುಗಳು. ಅನುದಾನರಹಿತ ಖಾಸಗಿ ಶಾಲೆಗಳ ಶಿಕ್ಷಕರಿಗೆ 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ಕಾರಣವಿಲ್ಲದ ವಜಾದ ವಿರುದ್ಧ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ಹಕ್ಕನ್ನು ಕೊಟ್ಟಿದೆ. ಲಿಖಿತ ನೇಮಕಾತಿ ಆದೇಶವೇ ಇಲ್ಲದ ಕಡೆ ಆ ಹಕ್ಕನ್ನು ಬಳಸುವುದು ದುಸ್ಸಾಧ್ಯ. ಗಡಿಯಾಚೆಯ ಕಾಸರಗೋಡಿನಲ್ಲಿ ಸಮಸ್ಯೆ ಬೇರೆ ರೂಪ ತಾಳಿದೆ: ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಅರಿಯದ ಶಿಕ್ಷಕರು ನೇಮಕವಾದಾಗ ಮಕ್ಕಳಿಗೂ ಶಿಕ್ಷಕರಿಗೂ ಅದು ಸಂಕಟದ ಸ್ಥಿತಿ.

ಮುಖ್ಯಶಿಕ್ಷಕರು ಮತ್ತು ಸಮುದಾಯ

ಶಾಲಾ ಪರಿಸರವನ್ನು ರೂಪಿಸುವಲ್ಲಿ ಮುಖ್ಯಶಿಕ್ಷಕರ ಪಾತ್ರ ಎಲ್ಲ ಅಧ್ಯಯನಗಳೂ ಒಪ್ಪುವ ಸಂಗತಿ. ಆದರೆ ಶಿಕ್ಷಣ ಹಕ್ಕು ಕಾಯಿದೆಯಂತೆ ಕಿರಿಯ ಪ್ರಾಥಮಿಕ ಹಂತದಲ್ಲಿ ಮಕ್ಕಳ ಸಂಖ್ಯೆ 150 ಮೀರಿದರೆ, ಹಿರಿಯ ಪ್ರಾಥಮಿಕ ಹಂತದಲ್ಲಿ 100 ಮೀರಿದರೆ ಮಾತ್ರ ಮುಖ್ಯಶಿಕ್ಷಕರ ಪ್ರತ್ಯೇಕ ಹುದ್ದೆ ಕಡ್ಡಾಯ. ಸಣ್ಣ ಶಾಲೆಗಳಲ್ಲಿ ಹಿರಿಯ ಸಹಶಿಕ್ಷಕರೊಬ್ಬರು ಪ್ರಭಾರ ವಹಿಸಿಕೊಂಡು, ತಮ್ಮ ತರಗತಿಗಳ ಜೊತೆಗೆ ಆಡಳಿತವನ್ನೂ ನೋಡುತ್ತಾರೆ. ಹೊಣೆ ಇದ್ದರೂ ಅಧಿಕಾರ ಇರುವುದಿಲ್ಲ. ಪ್ರೌಢಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಇದಕ್ಕೆ ಸೇರುತ್ತದೆ. ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಜಾರಿಗೆ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಕೆಳ ತರಗತಿಗಳಲ್ಲಿ ಓದು ಬರಹ ಗಟ್ಟಿಯಾಗದ ಮಕ್ಕಳ ಫಲಿತಾಂಶಕ್ಕೆ ಹತ್ತನೇ ತರಗತಿಯ ಶಿಕ್ಷಕರನ್ನೇ ಹೊಣೆ ಮಾಡಿ ಕಾರಣ ಕೇಳುವ ಪದ್ಧತಿ ದೋಷವನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ.

ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ರಚನೆಯಾದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ಪೋಷಕರನ್ನು ಶಾಲೆಯ ಆಡಳಿತಕ್ಕೆ ತಂದವು. ಪೋಷಕರ ಸಹಕಾರ ಚೆನ್ನಾಗಿರುವ ಊರಿನಲ್ಲಿ ಕಾಂಪೌಂಡು, ಕುಡಿಯುವ ನೀರು, ದಾಖಲಾತಿ ಆಂದೋಲನ ಇವೆಲ್ಲಕ್ಕೂ ಶಿಕ್ಷಕರಿಗೆ ಬೆಂಬಲ ದೊರೆಯುತ್ತದೆ. ಊರಿನ ಪಕ್ಷರಾಜಕೀಯ ಸಮಿತಿಯೊಳಗೆ ನುಗ್ಗಿದ ಕಡೆ ಶಿಕ್ಷಕರು ಎರಡು ಗುಂಪುಗಳ ನಡುವೆ ಸಿಲುಕುತ್ತಾರೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಕಾರ್ಯಕ್ರಮದಡಿ ಶಿಕ್ಷಕರು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ನಡೆಸಿದ್ದು ಊರಿನೊಂದಿಗಿನ ಸಂಬಂಧವನ್ನು ಹಲವೆಡೆ ಗಟ್ಟಿಗೊಳಿಸಿತು. ಸೋಂಕು ಹರಡಿದ ಕಾರಣ ಅದನ್ನು ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯಿತು.

ಶಿಕ್ಷಕರೆಂದರೆ ತ್ಯಾಗಿಗಳು ಎಂಬ ಸಾಮಾಜಿಕ ಆದರ್ಶವೂ ಪರಿಸರದ ಭಾಗವೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿ, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆಗಿ, ಅವಿವಾಹಿತರಾಗಿ ವಿದ್ಯಾರ್ಥಿನಿಲಯದಲ್ಲಿಯೇ ಬಾಳಿದ ಎಚ್. ನರಸಿಂಹಯ್ಯ ಈ ಸೀಮೆಯಲ್ಲಿ ಆ ಆದರ್ಶಕ್ಕೆ ಹೆಸರಾದವರು. ಬಾಗೇಪಲ್ಲಿ ಮತ್ತು ಗೌರಿಬಿದನೂರಿನ ನ್ಯಾಷನಲ್ ಕಾಲೇಜುಗಳ ಹಿಂದೆಯೂ ಅವರ ಶ್ರಮವಿದೆ. ಇಂಥ ಬಾಳು ಪ್ರೇರಣೆಯಾಗಬಲ್ಲದು. ಆದರೆ ಸಂಸಾರ, ಸಾಲ, ಪ್ರಯಾಣಗಳ ನಡುವೆ ದುಡಿಯುವ ಲಕ್ಷಾಂತರ ಶಿಕ್ಷಕರ ಸೇವಾನಿಯಮಗಳನ್ನು ಅದರ ಮೇಲೆ ಕಟ್ಟಲಾಗದು. ತ್ಯಾಗವನ್ನು ಮಾಮೂಲು ನಿರೀಕ್ಷೆಯಾಗಿಸಿದಾಗ ನ್ಯಾಯವಾದ ದೂರೂ ಸ್ವಾರ್ಥದಂತೆ ಕಾಣತೊಡಗುತ್ತದೆ.

ಶಿಕ್ಷಕಿಯರ ದೃಷ್ಟಿಯಿಂದ ನೋಡಿದರೆ ಮಕ್ಕಳ ಶೌಚಾಲಯದ ಜೊತೆಗೆ ಸಿಬ್ಬಂದಿಗೆ ಪ್ರತ್ಯೇಕ ಶೌಚಾಲಯ, ಸಂಜೆ ತಡವಾಗದಂತೆ ಸಭೆಗಳ ವೇಳಾಪಟ್ಟಿ, 2013ರ ಕಾಯಿದೆಯಂತೆ ಲೈಂಗಿಕ ಕಿರುಕುಳದ ದೂರು ಸಮಿತಿ ಇವು ಮೂಲಭೂತ ಅಗತ್ಯಗಳು. 2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ನೀಡಿದ ಆರು ತಿಂಗಳ ಶಿಶುಪಾಲನಾ ರಜೆ ಮಹತ್ವದ ಸೌಲಭ್ಯ. ಬದಲಿ ಶಿಕ್ಷಕರಿಲ್ಲದ ಸಣ್ಣ ಶಾಲೆಯಲ್ಲಿ ಅದನ್ನು ಕೇಳುವುದೇ ಮುಜುಗರದ ವಿಷಯವಾಗುತ್ತದೆ.

ಬೋಧನೆಯ ಸ್ವಾತಂತ್ರ್ಯ: ನಲಿಕಲಿಯ ಅನುಭವ

ಕರ್ನಾಟಕದಲ್ಲಿ ಶಿಕ್ಷಕರ ಉತ್ಸಾಹ ಮತ್ತು ಶಾಲಾ ಸುಧಾರಣೆ ಒಟ್ಟಿಗೆ ನಡೆದ ಪ್ರಯೋಗಗಳಲ್ಲಿ ನಲಿಕಲಿ ಪ್ರಮುಖವಾದುದು. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಗೆ, ಚಿಂತಾಮಣಿಯ ಆಚೆ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು ಮಾದರಿಯಾದವು. ಅಲ್ಲಿಗೆ ಹೋಗಿ ನೋಡಿಬಂದ ಸರ್ಕಾರಿ ಶಿಕ್ಷಕರೇ ಕನ್ನಡದ ಮಕ್ಕಳಿಗೆ ಒಗ್ಗುವಂತೆ ಕಲಿಕೆಯ ಕಾರ್ಡುಗಳನ್ನೂ ಹಾಡು ಆಟಗಳನ್ನೂ ಕಲಿಕಾ ಮೆಟ್ಟಿಲುಗಳನ್ನೂ ಸಿದ್ಧಪಡಿಸಿದರು. ವಿವಿಧ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಈ ಕ್ರಮ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯ ವಾಸ್ತವಕ್ಕೆ ಹೊಂದುವಂಥದ್ದು. ತಾವೇ ಕಟ್ಟಿದ ಪದ್ಧತಿಯೆಂಬ ಹೆಮ್ಮೆ ಆ ಶಿಕ್ಷಕರಲ್ಲಿತ್ತು. 2009–10ರಲ್ಲಿ ಅದು ರಾಜ್ಯದಾದ್ಯಂತ ಜಾರಿಗೆ ಬಂದಾಗ ಸಾಮಗ್ರಿ ಸಿದ್ಧವಾಗಿ ಬಂತು, ತರಬೇತಿ ಕೆಲವು ದಿನಗಳಿಗೆ ಇಳಿಯಿತು. ಸೃಷ್ಟಿಸಿದವರಿಗೆ ಸ್ವಾತಂತ್ರ್ಯವಾಗಿದ್ದುದು ಪಡೆದವರಿಗೆ ಮತ್ತೊಂದು ಆದೇಶವಾಯಿತು. 2017ರ ಸುಮಾರಿಗೆ ಬಂದ ಗುರುಚೇತನ ಕಾರ್ಯಕ್ರಮವು ತರಬೇತಿಯ ವಿಷಯವನ್ನು ಶಿಕ್ಷಕರೇ ಆರಿಸಿಕೊಳ್ಳುವ ಅವಕಾಶ ಕೊಟ್ಟು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು.

ಸುಧಾರಣಾ ಕ್ರಮಗಳು ಮತ್ತು ಅವುಗಳ ಮೌಲ್ಯಮಾಪನ

ತೃಪ್ತಿಯನ್ನು ಹೆಚ್ಚಿಸುವ ಅತಿ ಸುಲಭದ ಮಾರ್ಗ ವೇತನವೆಂಬ ನಂಬಿಕೆಯನ್ನು ಇಂಡೊನೇಷ್ಯಾದ ಅನುಭವ ಪರೀಕ್ಷೆಗೊಡ್ಡಿದೆ. ಅಲ್ಲಿ ಪ್ರಮಾಣೀಕೃತ ಶಿಕ್ಷಕರ ಮೂಲವೇತನವನ್ನು ದುಪ್ಪಟ್ಟುಗೊಳಿಸಿದ ಕ್ರಮವನ್ನು ಕುರಿತ, 2018ರಲ್ಲಿ ಪ್ರಕಟವಾದ ಅಧ್ಯಯನವು ಶಿಕ್ಷಕರ ತೃಪ್ತಿ ಏರಿದ್ದನ್ನೂ ಉಪವೃತ್ತಿಗಳು ಇಳಿದದ್ದನ್ನೂ ಕಂಡಿತು. ಮಕ್ಕಳ ಕಲಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ನೆರೆಯ ಆಂಧ್ರಪ್ರದೇಶದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳ ಕಲಿಕೆಗೆ ತಕ್ಕ ಬೋನಸ್ ಕೊಟ್ಟಾಗ ಗಣಿತ ಮತ್ತು ಭಾಷೆಯ ಅಂಕಗಳು ಏರಿದವು. ಶಿಕ್ಷಕರ ಹಾಜರಾತಿ ಬದಲಾಗಲಿಲ್ಲ, ಶಾಲೆಯಲ್ಲಿದ್ದ ಹೊತ್ತಿನ ಶ್ರಮ ಹೆಚ್ಚಿತು. ತೃಪ್ತಿ ಮತ್ತು ಕಲಿಕೆ ತಾವಾಗಿಯೇ ಒಟ್ಟಿಗೆ ಸಾಗುವುದಿಲ್ಲ, ಅವೆರಡನ್ನೂ ಜೋಡಿಸುವುದು ಶಾಲೆಯೊಳಗಿನ ಕೆಲಸದ ಏರ್ಪಾಡು ಎಂಬುದನ್ನು ಈ ಎರಡು ನಿದರ್ಶನಗಳು ಸೂಚಿಸುತ್ತವೆ. ತೃಪ್ತ ಶಿಕ್ಷಕರಿಂದ ಮಕ್ಕಳು ಚೆನ್ನಾಗಿ ಕಲಿಯುತ್ತಾರೆಯೋ, ಮಕ್ಕಳು ಚೆನ್ನಾಗಿ ಕಲಿಯುವುದರಿಂದ ಶಿಕ್ಷಕರು ತೃಪ್ತರಾಗುತ್ತಾರೆಯೋ ಎಂಬುದನ್ನು ಪ್ರಶ್ನಾವಳಿಗಳಿಂದಷ್ಟೇ ನಿರ್ಧರಿಸಲು ಆಗುವುದಿಲ್ಲವೆಂಬ ಎಚ್ಚರವೂ ಅಗತ್ಯ.

ಕರ್ನಾಟಕದ ಸಂದರ್ಭದಲ್ಲಿ ಕೈಗೊಳ್ಳಬಹುದಾದ ಕ್ರಮಗಳಲ್ಲಿ ಮೊದಲನೆಯದು ಕಾಲವನ್ನು ಮರಳಿ ಕೊಡುವುದು. ಒಂದೇ ಮಾಹಿತಿಯನ್ನು ಹಲವು ತಂತ್ರಾಂಶಗಳಿಗೆ ತುಂಬುವ ಪದ್ಧತಿಯನ್ನು ನಿಲ್ಲಿಸಿ ಒಂದೇ ದಾಖಲೆಯಿಂದ ಎಲ್ಲ ಇಲಾಖೆಗಳೂ ಪಡೆಯುವಂತೆ ಮಾಡುವುದು, ಸಮೂಹಕ್ಕೊಬ್ಬರಂತೆ ಗುಮಾಸ್ತರನ್ನು ಕೊಡುವುದು, ಬಿಸಿಯೂಟದ ಖರೀದಿಯನ್ನು ಮುಖ್ಯಶಿಕ್ಷಕರಿಂದ ಬಿಡಿಸುವುದು ಈ ಗುಂಪಿಗೆ ಸೇರಿದವು. ಎರಡನೆಯದು ನಿಶ್ಚಿತತೆ: ವರ್ಗಾವಣೆ, ಹೆಚ್ಚುವರಿ ಮರುಹೊಂದಾಣಿಕೆ ಮತ್ತು ಬಡ್ತಿಗಳು ಬೇಸಿಗೆ ರಜೆಯೊಳಗೆ ಮುಗಿಯುವ ಸ್ಥಿರ ವೇಳಾಪಟ್ಟಿ, ಏಕೋಪಾಧ್ಯಾಯ ಶಾಲೆಗಳಿಗೆ ತಾಲ್ಲೂಕು ಮಟ್ಟದಲ್ಲಿ ಬದಲಿ ಶಿಕ್ಷಕರ ಪಡೆ, ಅತಿಥಿ ಶಿಕ್ಷಕರಿಗೆ ತಿಂಗಳು ತಪ್ಪದ ಪಾವತಿ. ಸೇವಾ ಪುಸ್ತಕ, ಗಳಿಕೆ ರಜೆ, ಬಾಕಿ ವೇತನಗಳ ಅರ್ಜಿಗಳನ್ನು ಒಂದೇ ದಿನ ಒಂದೇ ಕಡೆ ವಿಲೇವಾರಿ ಮಾಡಲು ಹಲವು ತಾಲ್ಲೂಕುಗಳಲ್ಲಿ ನಡೆದಿರುವ ಗುರುಸ್ಪಂದನ ಸಭೆಗಳು ಖರ್ಚಿಲ್ಲದ ಉಪಯುಕ್ತ ಕ್ರಮ. ಕಚೇರಿಗೆ ಅಲೆಯುವುದು ತಪ್ಪಿದರೆ ಉಳಿಯುವುದು ಪಾಠದ ದಿನಗಳು.

ಮೂರನೆಯದು ವೃತ್ತಿಪರ ಸಹವಾಸ. ಸಮೂಹ ಮಟ್ಟದ ಸಮಾಲೋಚನಾ ಸಭೆಗಳು ಸುತ್ತೋಲೆಗಳನ್ನು ಓದಿಹೇಳುವ ಸಭೆಗಳಾಗದೆ, ತೆಲುಗು ಮನೆಮಾತಿನ ಮಕ್ಕಳಿಗೆ ಕನ್ನಡ ಕಲಿಸುವ ಬಗೆ, ಭಿನ್ನರಾಶಿ ಕಲಿಸುವಾಗ ಬರುವ ತೊಡಕು ಮೊದಲಾದ ನೈಜ ಪ್ರಶ್ನೆಗಳ ಚರ್ಚೆಗೆ ಮೀಸಲಾದರೆ ಲೋರ್ಟಿ ಗುರುತಿಸಿದ ಏಕಾಂಗಿತನಕ್ಕೆ ಅದೇ ಪರಿಹಾರ. ನಾಲ್ಕನೆಯದು ಮುಖ್ಯಶಿಕ್ಷಕರ ಸಿದ್ಧತೆ: ಹುದ್ದೆಗೆ ಬರುವ ಮುನ್ನವೇ ತರಬೇತಿ, ಪ್ರಭಾರದವರಿಗೂ ಸ್ಪಷ್ಟ ಅಧಿಕಾರ ಮತ್ತು ಭತ್ಯೆ, ಸಣ್ಣ ದುರಸ್ತಿಗಳಿಗೆ ತಾವೇ ಖರ್ಚುಮಾಡಬಹುದಾದ ಹಣ. ಪ್ರಶಸ್ತಿ, ಸನ್ಮಾನ, ಸೆಪ್ಟೆಂಬರ್ 5ರ ಸಮಾರಂಭಗಳು ಮನ್ನಣೆಯ ಭಾಗವೇ ಆದರೂ ಅವು ಜಿಲ್ಲೆಗೆ ಕೆಲವರನ್ನು ತಲುಪುತ್ತವೆ. ಭೇಟಿಗೆ ಬಂದ ಅಧಿಕಾರಿ ದಾಖಲೆ ನೋಡುವ ಮುನ್ನ ಪಾಠ ನೋಡುವ ಪದ್ಧತಿ ಎಲ್ಲರನ್ನೂ ತಲುಪಬಲ್ಲದು.

ಒಟ್ಟಾರೆ ನೋಡಿದರೆ ಕಳೆದ ಎರಡು ದಶಕಗಳಲ್ಲಿ ಕರ್ನಾಟಕ ವೇತನ ಪರಿಷ್ಕರಣೆ, ವರ್ಗಾವಣೆಯ ಪಾರದರ್ಶಕತೆ ಮತ್ತು ರಜೆಯ ಸೌಲಭ್ಯಗಳಲ್ಲಿ ಗಣನೀಯವಾಗಿ ಮುಂದುವರಿದಿದೆ. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಏಳನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆ ಇವುಗಳಲ್ಲಿ ಇತ್ತೀಚಿನದು. ಅತೃಪ್ತಿಯ ಕಾರಣಗಳನ್ನು ಕಡಿಮೆ ಮಾಡುವ ಈ ಕೆಲಸ ಬಹುಮಟ್ಟಿಗೆ ಸಾಗಿದ್ದರೂ ತೃಪ್ತಿಯ ಮೂಲವಾದ ಬೋಧನೆಯ ಸಮಯ ಮತ್ತು ಸ್ವಾತಂತ್ರ್ಯ ಅದೇ ಅವಧಿಯಲ್ಲಿ ಕುಗ್ಗಿವೆ. ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಸೆಕ್ಷನ್ ಅಕ್ಷರಶಃ ಪಾಲನೆಯಾಗುವುದು ಮತ್ತು ಪ್ರತಿ ಶಾಲೆಗೂ ಕನಿಷ್ಠ ಇಬ್ಬರು ಶಿಕ್ಷಕರು ಇರುವುದು, ಈ ಎರಡು ನೆರವೇರದೆ ಉಳಿದ ಯಾವ ಸುಧಾರಣೆಯೂ ಹಳ್ಳಿಯ ಶಾಲೆಯಲ್ಲಿ ನೆಲೆ ನಿಲ್ಲಲಾರದು. ಎರಡಕ್ಕೂ ಹೊಸ ಕಾನೂನಿನ ಅಗತ್ಯವಿಲ್ಲ, ಇರುವ ಕಾನೂನನ್ನು ಜಾರಿಗೊಳಿಸಿದರೆ ಸಾಕು.